ಬೆರಳ ಪರೀಕ್ಷೆ, ಪಿಎಸ್‌ಎ ರಕ್ತಪರೀಕ್ಷೆ: ಯಾವುದು ಮೊದಲು?

ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಿರಿಯರು ಚಿಕಿತ್ಸೆಗೆಂದು ನಮ್ಮಲ್ಲಿಗೆ ಬರುವಾಗ ತರುವ ಪ್ರಯೋಗಾಲಯದ ವರದಿಗಳಲ್ಲಿ ಸಕ್ಕರೆ, ಕೊಬ್ಬು, ಕ್ರಿಯಾಟಿನಿನ್‌ಗಳ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಸಾಲು ಕಾಣತೊಡಗಿದೆ. ಅದೇ ಪಿಎಸ್‌ಎ. ಆ ಸಾಲಿನ ಮುಂದೆ ನಾಲ್ಕಕ್ಕಿಂತ ಹೆಚ್ಚಿನ ಅಂಕಿಯಿದ್ದು, ಅದು ದಪ್ಪ ಅಕ್ಷರದಲ್ಲಿ ಮುದ್ರಿತವಾಗಿದ್ದರೆ ಸಾಕು, ಮನೆಮಂದಿಯೆಲ್ಲರ ನಿದ್ದೆ ಕೆಡುತ್ತದೆ. ಇಂತಹ ವರದಿಯನ್ನು ಕೈಗೆತ್ತಿಕೊಂಡಾಗ ನಾವು ಮೊದಲು ವಿಚಾರಿಸುವುದು ಅಂಕಿಯನ್ನಲ್ಲ. ರಕ್ತ ಕೊಟ್ಟದ್ದು ಯಾವ ದಿನ, ಅದಕ್ಕೆ ಮುಂಚಿನ ಕೆಲವು ವಾರಗಳಲ್ಲಿ ಶರೀರಕ್ಕೆ ಏನೇನು ಆಗಿತ್ತು ಎಂಬುದನ್ನು. ಅನೇಕ ವೇಳೆ ಅಂಕಿಯ ಅರ್ಥ ಈ ಉತ್ತರದಲ್ಲಿಯೇ ಅಡಗಿರುತ್ತದೆ.

ಪ್ರಾಸ್ಟೇಟ್ ಗ್ರಂಥಿಯು ಪುರುಷರಲ್ಲಿ ಮಾತ್ರ ಇರುವ, ನೆಲ್ಲಿಕಾಯಿ ಗಾತ್ರದ ಒಂದು ಗ್ರಂಥಿ. ನಮ್ಮ ಶಾಸ್ತ್ರದಲ್ಲಿ ಇದನ್ನು ಪೌರುಷಗ್ರಂಥಿ ಎಂದು ಕರೆಯುವುದುಂಟು. ಮೂತ್ರಾಶಯದ ಬಾಯಿಯ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಗುದನಾಳಕ್ಕೆ ಅಂಟಿಕೊಂಡಂತೆ ಅದರ ನೆಲೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹೇಳಿರುವ ಹನ್ನೆರಡು ಮೂತ್ರಾಘಾತಗಳಲ್ಲಿ ವಾತಾಷ್ಠೀಲಾ ಎಂಬುದೊಂದು. ಮಲಮಾರ್ಗಕ್ಕೂ ಮೂತ್ರಾಶಯಕ್ಕೂ ನಡುವೆ ನೆಲೆಗೊಂಡ ವಾಯುವು ಕಲ್ಲುಗುಂಡಿನಂತಹ ಗಟ್ಟಿಯಾದ ಗಂಟನ್ನುಂಟುಮಾಡಿ ಮೂತ್ರವನ್ನು ತಡೆಯುತ್ತದೆ ಎಂಬುದು ಅಲ್ಲಿನ ವಿವರಣೆಯ ಸಾರ. ಗಂಟಿನ ಸ್ಥಾನವನ್ನು ಪ್ರಾಚೀನರು ಎಷ್ಟು ಖಚಿತವಾಗಿ ಗುರುತಿಸಿದ್ದರೆಂಬುದನ್ನು ಗಮನಿಸಬೇಕು. ಗುದದ್ವಾರದ ಮೂಲಕ ಬೆರಳಿನಿಂದ ಈ ಗ್ರಂಥಿಯನ್ನು ಮುಟ್ಟಿ ನೋಡಲು ಸಾಧ್ಯವಾಗುವುದು ಈ ಸ್ಥಾನದಿಂದಲೇ.

ಪಿಎಸ್‌ಎ ಎಂಬುದು ಈ ಗ್ರಂಥಿ ಸ್ರವಿಸುವ ಒಂದು ಪ್ರೋಟೀನು. ವೀರ್ಯವನ್ನು ತೆಳುವಾಗಿಸುವುದು ಅದರ ಕೆಲಸ. ಅದು ಕ್ಯಾನ್ಸರಿನ ವಿಷವೂ ಅಲ್ಲ, ರೋಗದ ಕಣವೂ ಅಲ್ಲ. ಆರೋಗ್ಯವಂತನಾದ ಪ್ರತಿಯೊಬ್ಬ ಪುರುಷನಲ್ಲಿಯೂ ಇರುವಂಥದು. ವೀರ್ಯದಲ್ಲಿ ಅದರ ಸಾಂದ್ರತೆ ರಕ್ತದಲ್ಲಿರುವುದರ ಸುಮಾರು ಹತ್ತು ಲಕ್ಷ ಪಟ್ಟು. ರಕ್ತಕ್ಕೆ ಬರುವುದು ಬರಿಯ ಜಿನುಗು. ಆದ್ದರಿಂದಲೇ ಅದನ್ನು ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ.

ನಮ್ಮದು ಕೆರೆಗಳ ಸೀಮೆಯಾದ್ದರಿಂದ ಇದನ್ನು ಕೆರೆಯ ಏರಿಯಿಂದಲೇ ತಿಳಿಯುವುದು ಸುಲಭ. ಕೆರೆ ತುಂಬಿದಾಗ ಏರಿಯ ಹಿಂಬದಿಯ ಗದ್ದೆಗೆ ಅಲ್ಪಸ್ವಲ್ಪ ನೀರು ಜಿನುಗುವುದು ಸಹಜ. ಕೆರೆ ದೊಡ್ಡದಾದಷ್ಟೂ ಜಿನುಗು ಹೆಚ್ಚು. ವಯಸ್ಸಾದಂತೆ ಗ್ರಂಥಿ ಹಿಗ್ಗಿದವರಲ್ಲಿ ಪಿಎಸ್‌ಎ ಏರುವುದು ಹೀಗೆ. ಏರಿ ನೆನೆದು ಸಡಿಲವಾದರೂ ಜಿನುಗು ಹೆಚ್ಚುತ್ತದೆ. ಸೋಂಕಿನಿಂದ ಗ್ರಂಥಿ ಬಾತುಕೊಂಡಾಗ ಆಗುವುದು ಇದೇ. ಏರಿಯೊಳಗೆ ಏಡಿ ಬಿಲ ಕೊರೆದರೂ ನೀರು ಹೊರಬರುತ್ತದೆ. ಕ್ಯಾನ್ಸರ್ ಮಾಡುವ ಕೆಲಸ ಇಂಥದು. ಏರಿಯನ್ನು ಹೊರಗಿನಿಂದ ಒತ್ತಿ ತುಳಿದರೂ ಸ್ವಲ್ಪ ನೀರು ಚಿಮ್ಮೀತು. ಗದ್ದೆಯಲ್ಲಿ ನಿಂತ ನೀರನ್ನು ನೋಡಿ ಅದು ಯಾವ ಕಾರಣದಿಂದ ಬಂದದ್ದೆಂದು ಹೇಳಲಾಗದು. ಪಿಎಸ್‌ಎ ಅಂಕಿಯ ಬಲವೂ ದೌರ್ಬಲ್ಯವೂ ಇದೇ ಆಗಿದೆ.

ನಾವು ವೈದ್ಯವಿದ್ಯಾಭ್ಯಾಸ ಮಾಡುವ ಕಾಲಕ್ಕೆ ಈ ರಕ್ತಪರೀಕ್ಷೆ ನಮ್ಮ ಜಿಲ್ಲೆಯಲ್ಲಿ ಬಳಕೆಯಲ್ಲಿರಲಿಲ್ಲ. ಅಮೆರಿಕದಲ್ಲಿ ಅದಕ್ಕೆ ಸರ್ಕಾರದ ಅನುಮೋದನೆ ದೊರೆತದ್ದು 1986ರಲ್ಲಿ, ಅದೂ ಈಗಾಗಲೇ ಕ್ಯಾನ್ಸರ್ ಇದೆಯೆಂದು ತಿಳಿದವರ ಮೇಲೆ ನಿಗಾ ಇಡಲು ಮಾತ್ರ. ರೋಗವನ್ನು ಪತ್ತೆಹಚ್ಚುವುದಕ್ಕೂ ಇದನ್ನು ಬಳಸಬಹುದೆಂದು 1994ರಲ್ಲಿ ಒಪ್ಪಿದಾಗ, ಬೆರಳ ಪರೀಕ್ಷೆಯ ಜೊತೆಗೆ ಎಂಬ ಮಾತನ್ನು ಸೇರಿಸಿಯೇ ಒಪ್ಪಿದರು. ಎರಡೂ ಒಟ್ಟಿಗೆ ನಡೆಯಬೇಕಾದವು. ಹಾಗಾದರೆ ಒಂದು ಇನ್ನೊಂದನ್ನು ಕೆಡಿಸುವುದಿಲ್ಲವೇ?

ಪರೀಕ್ಷೆಯ ಕ್ರಮ ಹೀಗಿದೆ. ರೋಗಿಯು ಎಡಮಗ್ಗುಲಾಗಿ ಮಲಗಿ ಮೊಣಕಾಲುಗಳನ್ನು ಎದೆಯ ಕಡೆಗೆ ಮಡಿಸಿಕೊಳ್ಳುತ್ತಾನೆ. ವೈದ್ಯರು ಕೈಗವಸು ತೊಟ್ಟು, ಜಿಡ್ಡು ಸವರಿದ ಒಂದು ಬೆರಳನ್ನು ಗುದನಾಳದೊಳಗೆ ಸೇರಿಸಿ ಗ್ರಂಥಿಯ ಹಿಂಭಾಗವನ್ನು ಸವರಿ ನೋಡುತ್ತಾರೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಇಷ್ಟರಿಂದ ಪಿಎಸ್‌ಎ ಎಷ್ಟು ಏರುತ್ತದೆ ಎಂಬ ಪ್ರಶ್ನೆಯನ್ನು ಆಧುನಿಕ ವೈದ್ಯರು ಊಹೆಗೆ ಬಿಡದೆ ಅಳೆದು ನೋಡಿದ್ದಾರೆ. 1992ರಲ್ಲಿ ಅಮೆರಿಕದ ಡಾ. ಕ್ರಾಫರ್ಡ್ ಮತ್ತು ಸಂಗಡಿಗರು ಎರಡೂವರೆ ಸಾವಿರಕ್ಕೂ ಹೆಚ್ಚು ಪುರುಷರಲ್ಲಿ ಬೆರಳ ಪರೀಕ್ಷೆಯ ಮೊದಲೂ ನಂತರವೂ ರಕ್ತ ತೆಗೆದು ಹೋಲಿಸಿದರು. ಚಿಕಿತ್ಸೆಯ ನಿರ್ಧಾರವನ್ನು ಬದಲಿಸುವಷ್ಟು ವ್ಯತ್ಯಾಸ ಬರುವುದಿಲ್ಲವೆಂಬುದು ಅವರ ನಿಲುವು. ಅದೇ ವರ್ಷ ಮೇಯೊ ಕ್ಲಿನಿಕ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ಕಂಡ ಮಧ್ಯಮ ಏರಿಕೆ 0.4 ನ್ಯಾನೋಗ್ರಾಂ ಮಾತ್ರ. ಏನೂ ಮಾಡದೆ ಸುಮ್ಮನಿದ್ದರೂ ಒಬ್ಬನದೇ ಪಿಎಸ್‌ಎ ದಿನದಿಂದ ದಿನಕ್ಕೆ ಶೇಕಡಾ ಹದಿನೈದರಿಂದ ಇಪ್ಪತ್ತರಷ್ಟು ಏರಿಳಿಯುವುದುಂಟು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಬೆರಳಿನ ಪಾಲು ಎಷ್ಟು ಚಿಕ್ಕದೆಂದು ತಿಳಿಯುತ್ತದೆ.

ಆದರೂ ರಕ್ತ ಮೊದಲು, ಬೆರಳು ಆಮೇಲೆ ಎಂಬ ಕ್ರಮವನ್ನು ನಾವು ಬಿಡುವುದಿಲ್ಲ. ಅಂಕಿ 3.8 ಇದ್ದವರಿಗೆ 0.4 ಸೇರಿದರೆ 4.2 ಆಗಿ, ವರದಿಯಲ್ಲಿ ದಪ್ಪ ಅಕ್ಷರ ಮೂಡುತ್ತದೆ. ಆ ಒಂದು ಗೆರೆಯನ್ನು ದಾಟಿದ್ದರಿಂದ ಮನೆಯಲ್ಲಿ ಹುಟ್ಟುವ ಭಯಕ್ಕೆ 0.4ರ ಲೆಕ್ಕ ಗೊತ್ತಿಲ್ಲ. ಕ್ರಮ ಬದಲಿಸುವುದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲದಿರುವಾಗ ಆ ಭಯವನ್ನೇಕೆ ತಂದುಕೊಳ್ಳಬೇಕು? ಬೆರಳ ಪರೀಕ್ಷೆ ಮೊದಲೇ ಆಗಿಹೋಗಿದ್ದರೆ ಒಂದು ವಾರ ಬಿಟ್ಟು ರಕ್ತ ಕೊಡುವುದು ಸಾಕು.

ಗ್ರಂಥಿಯನ್ನು ಮುಟ್ಟಿ ನೋಡುವುದು ಬೇರೆ, ಒತ್ತಿ ಹಿಂಡುವುದು ಬೇರೆ. ದೀರ್ಘಕಾಲದ ಉರಿಯೂತವಿದ್ದವರಲ್ಲಿ ಸ್ರಾವವನ್ನು ಪರೀಕ್ಷೆಗೆ ಪಡೆಯುವ ಸಲುವಾಗಿ ಕೆಲವು ವೈದ್ಯರು ಗ್ರಂಥಿಯನ್ನು ಬಲವಾಗಿ ಒತ್ತುವುದುಂಟು. ಅದಕ್ಕೆ ಪ್ರಾಸ್ಟೇಟ್ ಮಸಾಜ್ ಎಂದು ಹೆಸರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾ. ಸ್ಟೇಮಿ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದ ಪ್ರಕಾರ ಇಂತಹ ಒತ್ತುವಿಕೆಯಿಂದ ಪಿಎಸ್‌ಎ ಒಂದೂವರೆಯಿಂದ ಎರಡು ಪಟ್ಟು ಏರುತ್ತದೆ. ಬೆರಳ ಪರೀಕ್ಷೆ ಅಂಕಿಯನ್ನು ಕೆಡಿಸುತ್ತದೆ ಎಂಬ ಮಾತು ಜನರಲ್ಲಿ ಹಬ್ಬಲು ಈ ಎರಡನ್ನು ಒಂದೆಂದು ಭಾವಿಸಿದ್ದೂ ಒಂದು ಕಾರಣವೆಂದು ನಮಗೆ ತೋರುತ್ತದೆ. ಜ್ವರ, ಚಳಿ, ಗುದಭಾಗದಲ್ಲಿ ತೀವ್ರ ನೋವು ಇರುವಾಗ ಗ್ರಂಥಿಯನ್ನು ಹಿಂಡುವುದು ಅಪಾಯಕಾರಿ; ಸೋಂಕು ರಕ್ತಕ್ಕೆ ಹರಡೀತು.

ಮಸಾಜ್ ಎಂಬ ಶಬ್ದದಿಂದ ಇನ್ನೊಂದು ತಪ್ಪು ತಿಳಿವಳಿಕೆಯೂ ಹುಟ್ಟಿದೆ. ಪಿಎಸ್‌ಎ ಪರೀಕ್ಷೆಯಿದೆಯೆಂದು ವಾರಗಟ್ಟಲೆ ಎಣ್ಣೆಸ್ನಾನ ಬಿಟ್ಟವರನ್ನು ನಾವು ಕಂಡಿದ್ದೇವೆ. ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುವ ಅಭ್ಯಂಗಕ್ಕೂ ಈ ಅಂಕಿಗೂ ಸಂಬಂಧವಿಲ್ಲ. ಉಪವಾಸವೂ ಬೇಕಿಲ್ಲ, ಉಂಡು ಬಂದೇ ರಕ್ತ ಕೊಡಬಹುದು.

ಅಂಕಿಯನ್ನು ನಿಜವಾಗಿ ಕದಡುವ ಸಂಗತಿಗಳು ಬೇರೆ ಇವೆ. ಅವುಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಪದೇ ಪದೇ ಕಾಣುವುದು ಮೂತ್ರ ಕಟ್ಟಿಕೊಳ್ಳುವುದು. ಆನವಟ್ಟಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ ರಾತ್ರಿ ಹೊತ್ತು ಮೂತ್ರ ಪೂರ್ತಿ ನಿಂತುಹೋಗಿ, ಹೊಟ್ಟೆ ಬಿಗಿದು, ಆಸ್ಪತ್ರೆಗೆ ಒಯ್ದು ಕ್ಯಾಥೆಟರ್ ಹಾಕಿಸಿದರು. ಜೀವ ಉಳಿದಂತಾಯಿತು. ಆದರೆ ಮರುದಿನ ಬೆಳಿಗ್ಗೆಯೇ ಇತರ ಪರೀಕ್ಷೆಗಳ ಜೊತೆಗೆ ಪಿಎಸ್‌ಎಗೂ ರಕ್ತ ತೆಗೆದಿದ್ದರು. ಅಂಕಿ 14 ಬಂತು. ಮಗ ಆ ವರದಿ ಹಿಡಿದು ನಮ್ಮಲ್ಲಿಗೆ ಬರುವ ಹೊತ್ತಿಗೆ ಆ ವರ್ಷದ ಫಸಲನ್ನು ಚೇಣಿಗೆ ಕೊಟ್ಟು ಬೆಂಗಳೂರಿನ ಖರ್ಚಿಗೆ ಹಣ ಹೊಂದಿಸುವ ಮಾತುಕತೆ ಮುಗಿಯುತ್ತ ಬಂದಿತ್ತು. ಮೂತ್ರ ಕಟ್ಟಿದ ಒತ್ತಡವೂ ನಳಿಕೆಯ ಉಜ್ಜುವಿಕೆಯೂ ಸೇರಿ ಅಂಕಿಯನ್ನು ಏರಿಸಿರಬಹುದು, ಆರು ವಾರ ಕಳೆಯಲಿ, ಅಷ್ಟರಲ್ಲಿ ಮೂತ್ರರೋಗ ತಜ್ಞರನ್ನು ಕಂಡು ಗ್ರಂಥಿಯ ಹಿಗ್ಗುವಿಕೆಗೆ ಔಷಧ ಆರಂಭಿಸಲಿ ಎಂದೆವು. ಆರು ವಾರದ ನಂತರದ ಅಂಕಿ ನಾಲ್ಕರ ಒಳಗಿತ್ತು. ತಜ್ಞರ ಬೆರಳಿಗೂ ಗಂಟೇನೂ ಸಿಕ್ಕಿರಲಿಲ್ಲ. ಚೇಣಿಯ ಮಾತು ಅಲ್ಲಿಗೆ ನಿಂತಿತು.

ಈ ಆರು ವಾರದ ಲೆಕ್ಕ ಎಲ್ಲಿಂದ ಬಂತೆಂದು ಆ ಮಗ ಕೇಳಿದ್ದು ಸರಿಯಾದ ಪ್ರಶ್ನೆಯೇ. ರಕ್ತಕ್ಕೆ ಹೆಚ್ಚಾಗಿ ಸೇರಿದ ಪಿಎಸ್‌ಎ ಅರ್ಧದಷ್ಟು ಇಳಿಯಲು ಎರಡರಿಂದ ಮೂರು ದಿನ ಬೇಕು. ಒಬ್ಬರ ಸಹಜ ಅಂಕಿ 2 ಇದ್ದು, ಯಾವುದೋ ಕಾರಣಕ್ಕೆ ಒಮ್ಮೆಗೇ 6 ಆಯಿತೆನ್ನಿ. ಹೆಚ್ಚಾದ ನಾಲ್ಕು, ಮೂರು ದಿನಕ್ಕೆ ಎರಡಾಗಿ, ಆರು ದಿನಕ್ಕೆ ಒಂದಾಗಿ, ಒಂಬತ್ತು ದಿನಕ್ಕೆ ಅರ್ಧವಾಗಿ ಕರಗುತ್ತದೆ. ಚಿಕ್ಕ ಕದಡುವಿಕೆಗೆ ಒಂದೆರಡು ವಾರ ಸಾಕೆನ್ನುವುದು ಇದರಿಂದ. ಆದರೆ ಕಾರಣವೇ ಬೇಗ ಮಾಯದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಬಯಾಪ್ಸಿಯ ಸೂಜಿ ಚುಚ್ಚಿದ ಗ್ರಂಥಿ, ಸೋಂಕಿನಿಂದ ಬಾತ ಗ್ರಂಥಿ, ಶಸ್ತ್ರಕ್ರಿಯೆಯಾದ ಗ್ರಂಥಿ ವಾರಗಟ್ಟಲೆ ಜಿನುಗಿಸುತ್ತಲೇ ಇರುತ್ತದೆ. ಅಂಕಿಯೂ ಹಲವು ಪಟ್ಟು ಏರಿರುತ್ತದೆ. ಆದ್ದರಿಂದ ಅಲ್ಲಿ ಕನಿಷ್ಠ ಆರು ವಾರ. ಮೂತ್ರದ ಉರಿ, ಜ್ವರಗಳು ಇರುವಾಗಲಂತೂ ಪಿಎಸ್‌ಎ ಮಾಡಿಸುವುದೇ ವ್ಯರ್ಥ. ಮೊದಲು ಸೋಂಕು ಗುಣವಾಗಲಿ.

ಇನ್ನೆರಡು ಸಂಗತಿಗಳನ್ನು ಸಂಕೋಚವಿಲ್ಲದೆ ಹೇಳಬೇಕು. ವೀರ್ಯಸ್ಖಲನದಿಂದ ಅಂಕಿ ಸ್ವಲ್ಪ ಏರಬಹುದಾದ್ದರಿಂದ ರಕ್ತ ಕೊಡುವ ಮುನ್ನ ಎರಡು ದಿನ ದಾಂಪತ್ಯಸಂಗ ಬೇಡ. ದೂರ ಸೈಕಲ್ ತುಳಿಯುವುದು, ಅತಿಯಾದ ವ್ಯಾಯಾಮ ಇವೂ ಎರಡು ದಿನ ಬೇಡ. ಸೈಕಲ್ಲಿನ ಸೀಟು ಒತ್ತುವುದು ಈ ಗ್ರಂಥಿಯ ಕೆಳಭಾಗವನ್ನೇ.

ಇಲ್ಲಿಯವರೆಗೆ ಓದಿದವರು, ಅಂಕಿ ಏರಿದರೆ ಗಾಬರಿಪಡಬೇಕಿಲ್ಲ, ಯಾವುದೋ ಕದಡುವಿಕೆಯಿರಬೇಕು ಎಂದು ಸಮಾಧಾನಪಟ್ಟುಕೊಂಡರೆ ನಮ್ಮ ಮಾತು ಅರ್ಧವೇ ತಲುಪಿದಂತೆ. ಶಿರಾಳಕೊಪ್ಪದ ಕಡೆಯ ನಿವೃತ್ತ ಶಿಕ್ಷಕರೊಬ್ಬರ ಪಿಎಸ್‌ಎ 11 ಬಂದಿತ್ತು. ಅದೇ ದಿನ ರಕ್ತಕ್ಕೆ ಮೊದಲು ಬೆರಳ ಪರೀಕ್ಷೆಯೂ ಆಗಿತ್ತು. "ಬೆರಳು ಹಾಕಿ ನೋಡಿದ್ರಲ್ಲ ಡಾಕ್ಟ್ರೇ, ಅದಕ್ಕೇ ಏರಿರ್ಬೇಕು ಬಿಡಿ" ಎಂದು ಅವರೇ ತೀರ್ಪು ಕೊಟ್ಟು, ವರದಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಕೆಲವೇ ದಶಾಂಶಗಳಷ್ಟು ಏರಿಸಬಲ್ಲ ಬೆರಳು ಹನ್ನೊಂದನ್ನು ತರಲಾರದು ಎಂದು ನಾವು ವಾದಿಸಬೇಕಾಯಿತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಮೂರು ವಾರದ ನಂತರ, ಅದೇ ಪ್ರಯೋಗಾಲಯದಲ್ಲಿ, ಯಾರೂ ಮುಟ್ಟದೆ ಮತ್ತೊಮ್ಮೆ ರಕ್ತ. ಈ ಸಲ 10.6 ಬಂತು. ಅವರು ಮರುಮಾತಿಲ್ಲದೆ ಶಿವಮೊಗ್ಗದ ತಜ್ಞರಲ್ಲಿಗೆ ಹೋದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ದೃಢಪಟ್ಟಿತು. ಗ್ರಂಥಿಯಿಂದ ಹೊರಗೆ ಹರಡಿರಲಿಲ್ಲ. ಚಿಕಿತ್ಸೆ ಮುಗಿಸಿ ಈಗ ಆರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತಾರೆ.

ಅದೇ ಪ್ರಯೋಗಾಲಯ ಎಂದು ನಾವು ಒತ್ತಿ ಹೇಳಿದ್ದಕ್ಕೂ ಕಾರಣವಿದೆ. ಪಿಎಸ್‌ಎ ಅಳೆಯುವ ಯಂತ್ರಗಳ ಮಾಪನದಲ್ಲಿಯೇ ವ್ಯತ್ಯಾಸವಿರುತ್ತದೆ. ಶಿಕಾರಿಪುರದಲ್ಲಿ ಒಮ್ಮೆ, ಸಾಗರದಲ್ಲಿ ಒಮ್ಮೆ, ಮಗನ ಮನೆಗೆ ಹೋದಾಗ ಬೆಂಗಳೂರಿನಲ್ಲಿ ಒಮ್ಮೆ ಮಾಡಿಸಿದ ಅಂಕಿಗಳನ್ನು ಒಂದರ ಮುಂದೊಂದಿಟ್ಟು ಏರಿತು, ಇಳಿಯಿತು ಎಂದು ಹೇಳುವುದು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ ಅಡಿಕೆಯನ್ನು ಹೋಲಿಸಿದಂತೆ.

ಪಿಎಸ್‌ಎ ಏರಿದ ನಾಲ್ವರಲ್ಲಿ ಸುಮಾರು ಮೂವರಿಗೆ ಕ್ಯಾನ್ಸರ್ ಇರುವುದಿಲ್ಲ. ಇದು ಧೈರ್ಯದ ಮಾತು. ಆದರೆ 2004ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಅಂಕಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆಯಿದ್ದವರಿಗೂ ಬಯಾಪ್ಸಿ ಮಾಡಿ ನೋಡಿದಾಗ ನೂರಕ್ಕೆ ಹದಿನೈದು ಮಂದಿಯಲ್ಲಿ ಕ್ಯಾನ್ಸರ್ ಕಂಡಿತು. ಅವುಗಳಲ್ಲಿ ಬಹುಪಾಲು ನಿಧಾನವಾಗಿ ಬೆಳೆಯುವಂಥವು ನಿಜ. ಅಂಕಿ ಸರಿಯಿದೆ, ಬೆರಳ ಪರೀಕ್ಷೆ ಏಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಇಲ್ಲಿದೆ. ಈ ಗ್ರಂಥಿಯ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಹುಟ್ಟುವುದು ಗ್ರಂಥಿಯ ಹೊರವಲಯದಲ್ಲಿ, ಅಂದರೆ ಬೆರಳಿಗೆ ಸಿಗುವ ಹಿಂಭಾಗದ ಕಡೆಗೆ. ರಕ್ತ ಹೇಳದ ಗಂಟನ್ನು ಬೆರಳು ಹೇಳಿದ ಪ್ರಸಂಗಗಳು ಎಲ್ಲ ಮೂತ್ರರೋಗ ತಜ್ಞರ ಅನುಭವದಲ್ಲಿಯೂ ಇವೆ. ನಮ್ಮ ಹಿರಿಯರಲ್ಲಿ ಅನೇಕರಿಗೆ ಈ ಪರೀಕ್ಷೆ ಎಂದರೆ ಮಾನ ಹೋದಂತೆ. ಅಂಕಿ ಕೆಡುತ್ತದಂತೆ ಎಂಬ ನೆಪ ಅವರಿಗೆ ಅನುಕೂಲವಾಗಿ ಒದಗಿಬಿಟ್ಟಿದೆ. ರಕ್ತ ಕೊಟ್ಟಾದ ಮೇಲೆ ಆ ನೆಪಕ್ಕೆ ಬಲವಿಲ್ಲ.

ಅಂಕಿಯನ್ನು ಏರಿಸುವ ಸಂಗತಿಗಳ ಬಗ್ಗೆ ಜನ ವಿಚಾರಿಸುತ್ತಾರೆ, ಇಳಿಸುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಹಿಗ್ಗಿದ ಗ್ರಂಥಿಗೆ ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಎಂಬ ಮಾತ್ರೆಗಳನ್ನು ಆರು ತಿಂಗಳಿಂದ ಒಂದು ವರ್ಷ ಸೇವಿಸಿದವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂಥವರ ವರದಿಯಲ್ಲಿ 3 ಎಂದಿದ್ದರೆ ಅದನ್ನು 6 ಎಂದು ಓದಬೇಕು. ಮಾತ್ರೆಯ ಹೆಸರನ್ನು ಹೇಳದೆ ರಕ್ತ ಕೊಟ್ಟು, ಸಾಧಾರಣ ಎಂದು ಮುದ್ರಿತವಾದ ವರದಿಯನ್ನು ನಂಬಿ ಕೂರುವುದು ಬೆರಳಿನಿಂದ ಏರಿದ 0.4ಕ್ಕಿಂತ ನೂರು ಪಾಲು ಅಪಾಯಕರ. ನಮ್ಮ ಪದ್ಧತಿಯ ಔಷಧ ಸೇವಿಸುವವರೂ ಅಷ್ಟೇ: ಗೋಕ್ಷುರಾದಿ ಗುಗ್ಗುಲು ಇರಲಿ, ಚಂದ್ರಪ್ರಭಾ ವಟಿ ಇರಲಿ, ಕೊಮ್ಮೆಗಿಡದ ಕಷಾಯವೇ ಇರಲಿ, ತಜ್ಞರ ಮುಂದೆ ಮುಚ್ಚಿಡಬೇಡಿ. ಮೂತ್ರ ಸಲೀಸಾಗುವುದಕ್ಕೆ ಇವನ್ನು ನಾವೂ ಕೊಡುತ್ತೇವೆ. ಪಿಎಸ್‌ಎ ಏರಿದ್ದಕ್ಕೆ ಕಾರಣ ತಿಳಿಯುವ ಮೊದಲು ಇವನ್ನೇ ನಂಬಿ ತಿಂಗಳುಗಳನ್ನು ಕಳೆಯುವುದನ್ನು ಒಪ್ಪುವುದಿಲ್ಲ.

ಪಂಚಕರ್ಮಕ್ಕೆ ಬರುವವರಿಗೂ ಒಂದು ಮಾತು. ಬಸ್ತಿಯ ನಳಿಕೆ ಗುದಮಾರ್ಗದಲ್ಲಿ ಹೋಗುತ್ತದೆ. ಉತ್ತರಬಸ್ತಿಯಲ್ಲಂತೂ ಔಷಧವನ್ನು ಮೂತ್ರಮಾರ್ಗದಲ್ಲಿಯೇ ಏರಿಸುತ್ತೇವೆ. ಪಿಎಸ್‌ಎ ಮಾಡಿಸುವುದಿದ್ದರೆ ರಕ್ತವನ್ನು ಬಸ್ತಿಕರ್ಮ ಆರಂಭವಾಗುವ ಮೊದಲೇ ತೆಗೆಸುವುದು ನಮ್ಮ ಪದ್ಧತಿ. ಉತ್ತರಬಸ್ತಿ ಆಗಿಹೋಗಿದ್ದರೆ ಕ್ಯಾಥೆಟರಿಗೆ ಹೇಳಿದ ಆರು ವಾರದ ಅಂತರವನ್ನೇ ಇದಕ್ಕೂ ಇಟ್ಟುಕೊಂಡಿದ್ದೇವೆ.

ಹಾಗಾದರೆ ಯಾರು ಮಾಡಿಸಬೇಕು? ಐವತ್ತೈದರಿಂದ ಅರವತ್ತೊಂಬತ್ತರ ನಡುವಿನವರು ಲಾಭನಷ್ಟಗಳನ್ನು ವೈದ್ಯರಿಂದ ಕೇಳಿ ತಿಳಿದು ತಾವೇ ತೀರ್ಮಾನಿಸಲಿ, ಎಪ್ಪತ್ತು ದಾಟಿ ಯಾವ ತೊಂದರೆಯೂ ಇಲ್ಲದವರಿಗೆ ಸಾಮಾನ್ಯ ತಪಾಸಣೆಯಾಗಿ ಇದು ಬೇಡ ಎಂಬುದು ಅಮೆರಿಕದ ತಜ್ಞರ ಸಮಿತಿ 2018ರಲ್ಲಿ ಕೊಟ್ಟ ಸಲಹೆ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದವರು ಇನ್ನೂ ಮೊದಲೇ ವಿಚಾರಿಸಬೇಕು. ಇಡೀ ದೇಹದ ತಪಾಸಣೆ, ಇಷ್ಟೇ ಹಣ ಎಂಬ ಪ್ಯಾಕೇಜುಗಳಲ್ಲಿ ಕೇಳದೆಯೇ ಪಿಎಸ್‌ಎ ಸೇರಿಸುವ ರೂಢಿಯನ್ನು ನಾವು ಮೆಚ್ಚುವುದಿಲ್ಲ. ಮೂತ್ರದಲ್ಲಿ ರಕ್ತ, ಬಿಡದ ಸೊಂಟನೋವು ಅಥವಾ ಮೂಳೆನೋವು ಇರುವವರಿಗೆ ಮಾತ್ರ ಈ ವಯಸ್ಸಿನ ಲೆಕ್ಕ ಅನ್ವಯಿಸದು, ಅವರು ತಡಮಾಡದೆ ತಜ್ಞರನ್ನು ಕಾಣಬೇಕು. ಕಾಲುಗಳು ಇದ್ದಕ್ಕಿದ್ದಂತೆ ಬಲಗುಂದಿದರೆ ಅಥವಾ ಮೂತ್ರ ಪೂರ್ತಿ ಕಟ್ಟಿದರೆ ಅದೇ ದಿನ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೊರಡಬೇಕು.

ಹಳ್ಳಿಗಳಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸುವ ಭಕ್ತರಲ್ಲಿಯೂ ನಮ್ಮದೊಂದು ಕೋರಿಕೆಯಿದೆ. ಶಿಬಿರಗಳಲ್ಲಿ ಸಾಮಾನ್ಯವಾಗಿ ವೈದ್ಯರ ಕೊಠಡಿ ಮೊದಲು, ರಕ್ತ ತೆಗೆಯುವ ಮೇಜು ಕೊನೆಗೆ ಇರುತ್ತದೆ. ಅರವತ್ತು ದಾಟಿದ ಪುರುಷರ ಸಾಲಿಗೆ ಇದನ್ನು ತಿರುಗಿಸಿ, ರಕ್ತದ ಮೇಜನ್ನು ಬಾಗಿಲ ಬಳಿಯೇ ಇಡಿ. ಅಂಕಿ ನಾಲ್ಕರಿಂದ ಹತ್ತರ ನಡುವೆ ಬಂದವರಿಗೆ ತಜ್ಞರು ಫ್ರೀ ಪಿಎಸ್‌ಎ ಎಂಬ ಇನ್ನೊಂದು ಪರೀಕ್ಷೆಯನ್ನು ಬರೆಯುವುದುಂಟು; ಬೆರಳ ಸ್ಪರ್ಶಕ್ಕೆ ಒಟ್ಟು ಪಿಎಸ್‌ಎಗಿಂತ ಹೆಚ್ಚು ಏರುವುದು ಅದೇ, ಆದ್ದರಿಂದ ಅಲ್ಲಿ ಈ ಕ್ರಮ ಇನ್ನೂ ಮುಖ್ಯ. ನೋಂದಣಿ ಚೀಟಿಯ ಮೇಲೆ ನಾಲ್ಕು ಪ್ರಶ್ನೆಗಳಿಗೆ ಜಾಗ ಬಿಡಿ: ಕಳೆದ ಆರು ವಾರಗಳಲ್ಲಿ ಮೂತ್ರದ ಸೋಂಕು, ಕ್ಯಾಥೆಟರ್ ಅಥವಾ ಬಯಾಪ್ಸಿ ಆಗಿತ್ತೇ, ಕಳೆದ ವಾರ ಬೆರಳ ಪರೀಕ್ಷೆ ಆಗಿತ್ತೇ, ಗ್ರಂಥಿಗೆ ಯಾವ ಮಾತ್ರೆ ನಡೆಯುತ್ತಿದೆ, ಹಿಂದಿನ ಪಿಎಸ್‌ಎ ಎಷ್ಟಿತ್ತು ಮತ್ತು ಯಾವ ಪ್ರಯೋಗಾಲಯದ್ದು. ಆ ಚೀಟಿ ವರದಿಯ ಜೊತೆಗೇ ರೋಗಿಯ ಕೈ ಸೇರಲಿ. ಶಿವಮೊಗ್ಗಕ್ಕೆ ಹೋದಾಗ ತಜ್ಞರು ಕೇಳುವುದು ಇದನ್ನೇ.